ಕೆರೆಯೂ ಕಾವಲೂ: ನಿಸರ್ಗವನ್ನು ಕುರಿತ ಇಂಗ್ಲಿಷ್ ಮಾತುಗಳು

ನಮ್ಮಲ್ಲಿ ಇಂಗ್ಲಿಷ್ ಕಲಿತವರಿಗೆ ವ್ಯಾಪಾರದ ಮಾತುಗಳೂ ನ್ಯಾಯಸ್ಥಾನದ ಮಾತುಗಳೂ ರಾಜಕೀಯದ ಮಾತುಗಳೂ ಸುಲಭವಾಗಿ ಬಾಯಿಗೆ ಬರುತ್ತವೆ. ನೆಲ, ನೀರು, ಗಾಳಿ, ಗಿಡಮರಗಳ ವಿಷಯಕ್ಕೆ ಬಂದಾಗ ಮಾತ್ರ ಅದೇ ಇಂಗ್ಲಿಷು ತಡವರಿಸತೊಡಗುತ್ತದೆ. ಇದಕ್ಕೆ ನಮ್ಮ ಕಲಿಕೆಯ ಕೊರತೆ ಒಂದು ಕಾರಣವಾಗಿರಬಹುದು. ಆದರೆ ಅದಕ್ಕಿಂತ ದೊಡ್ಡ ಕಾರಣ ಬೇರೊಂದಿದೆ. ಆ ಭಾಷೆಯ ನಿಸರ್ಗಪದಗಳಲ್ಲಿ ಬಹುಪಾಲು ಹುಟ್ಟಿದ್ದು ತಿಂಗಳು ತಿಂಗಳೂ ಮಳೆ ಕಾಣುವ, ಹೊಳೆಗಳು ಬತ್ತದ, ಹುಲ್ಲು ಹಸಿರಾಗಿಯೇ ಇರುವ ಒಂದು ದ್ವೀಪದಲ್ಲಿ. ಅವನ್ನು ತಂದು ಚಿತ್ರದುರ್ಗದಂಥ ಒಣಸೀಮೆಯ ಮೇಲೆ ಹೊದಿಸಿದರೆ ಕೆಲವೆಡೆ ಗಿಡ್ಡವಾಗುತ್ತವೆ, ಕೆಲವೆಡೆ ಕಾಲಿಗೆ ತೊಡರುತ್ತವೆ. ಈ ಹೊತ್ತು ನಾವೂ ಶ್ರೋತೃಗಳೂ ಭರಮಸಾಗರದ ಕೆರೆಯ ಏರಿಯ ಮೇಲೆ ನಿಂತಿದ್ದೇವೆಂದು ಭಾವಿಸಿಕೊಂಡು, ಸುತ್ತಲೂ ಕಣ್ಣಿಗೆ ಬೀಳತಕ್ಕ ವಸ್ತುಗಳಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ, ಹಾಗೆಂದಾಗ ಉಳಿಯುವುದೇನು, ಕಳೆಯುವುದೇನು ಎಂಬುದನ್ನು ವಿಚಾರಮಾಡೋಣ.

ಚಿತ್ರದುರ್ಗದಿಂದ ದಾವಣಗೆರೆಗೆ ಹೋಗುವ ಹೆದ್ದಾರಿಯಲ್ಲಿರುವ ಈ ಊರು 1689ರಿಂದ 1721ರವರೆಗೆ ದುರ್ಗವನ್ನಾಳಿದ ಬಿಚ್ಚುಗತ್ತಿ ಭರಮಣ್ಣ ನಾಯಕನ ಹೆಸರನ್ನು ಹೊತ್ತಿದೆ. ಕೆರೆಕಟ್ಟೆಗಳನ್ನು ಕಟ್ಟಿಸಿದ ಪಾಳೆಯಗಾರನೆಂದು ಅವನಿಗೆ ಖ್ಯಾತಿಯುಂಟು. ಕಡಲನ್ನೇ ಕಾಣದ ನಾಡಿನ ಜನ ತಮ್ಮ ಕೆರೆಯನ್ನು ‘ಸಾಗರ’ವೆಂದು ಕರೆದರೆಂಬುದು ಗಮನಾರ್ಹ, ನೀರಿನ ಮೇಲಿನ ಗೌರವ ಆ ಹೆಸರಿನಲ್ಲಿಯೇ ಇದೆ. ಇಂಗ್ಲಿಷಿನಲ್ಲಿ ಇದು ‘ಟ್ಯಾಂಕ್’. ಲಂಡನ್ನಿನ ಒಬ್ಬ ಗೃಹಸ್ಥನಿಗೆ ಈ ಮಾತನ್ನು ಹೇಳಿದರೆ ಅವನ ಮನಸ್ಸಿನಲ್ಲಿ ಮೂಡುವುದು ಮಹಡಿಯ ಮೇಲಿನ ಕಬ್ಬಿಣದ ತೊಟ್ಟಿ, ಇಲ್ಲವೆ 1916ರಲ್ಲಿ ಮೊದಲಬಾರಿಗೆ ರಣರಂಗಕ್ಕಿಳಿದ ಉಕ್ಕಿನ ಬಂಡಿ. ಈ ಬಂಡಿಗೂ ಆ ಹೆಸರು ಬಂದದ್ದು, ಗುಟ್ಟು ಹೊರಬೀಳದಿರಲೆಂದು ಅದನ್ನು ನೀರಿನ ತೊಟ್ಟಿಯೆಂದು ಹೇಳಿಕೊಂಡದ್ದರಿಂದಲೇ. ಆದರೆ ಪದದ ಮೂಲವನ್ನು ಹುಡುಕಿಹೋದರೆ ನಾವು ನಮ್ಮ ಮನೆಯ ಬಾಗಿಲಿಗೇ ಬಂದು ನಿಲ್ಲುತ್ತೇವೆ. ಯೂಲ್ ಮತ್ತು ಬರ್ನೆಲ್ ಎಂಬ ವಿದ್ವಾಂಸರು 1886ರಲ್ಲಿ ಪ್ರಕಟಿಸಿದ ‘ಹಾಬ್ಸನ್-ಜಾಬ್ಸನ್’ ಎಂಬ ಕೋಶದಲ್ಲಿ, ಪಶ್ಚಿಮ ಹಿಂದೂಸ್ಥಾನದ ‘ಟಾಂಕಿ’ ಎಂಬ ದೇಶ್ಯಪದವೂ ಪೋರ್ಚುಗೀಸರ ‘ಟಾಂಕೆ’ ಎಂಬ ಪದವೂ ಇಲ್ಲಿ ಒಂದರೊಳಗೊಂದು ಬೆರೆತಿರುವುದನ್ನು ಚರ್ಚಿಸಿದ್ದಾರೆ. ಆದುದರಿಂದ ಕೆರೆಯನ್ನು ‘ಟ್ಯಾಂಕ್’ ಎನ್ನಲು ನಾವು ನಾಚಬೇಕಾದ್ದಿಲ್ಲ. ‘ಲೇಕ್’ ಎಂದರೆ ಹೆಚ್ಚು ಸೊಗಸೆಂದು ನಗರವಾಸಿಗಳು ಎಣಿಸುವುದುಂಟು. ಆದರೆ ‘ಲೇಕ್’ ಎಂಬುದು ಮುಖ್ಯವಾಗಿ ಪ್ರಕೃತಿ ತಾನಾಗಿ ತುಂಬಿದ ನೀರಿಗೆ ಸಲ್ಲುವ ಹೆಸರು. ಒಬ್ಬ ನಾಯಕನು ನೆಲ ಅಳೆಸಿ, ಒಡ್ಡರು ಮಣ್ಣು ಹೊತ್ತು, ಊರವರು ತಲೆತಲಾಂತರ ಹೂಳೆತ್ತಿ ಕಾಪಾಡಿದ ವಸ್ತುವಿಗೆ ಆ ಹೆಸರು ಕೊಟ್ಟರೆ ಅಷ್ಟು ಜನರ ಬೆವರನ್ನು ಒರೆಸಿ ಹಾಕಿದಂತಾಗುತ್ತದೆ.

ಕೆರೆಯ ಅಂಗಾಂಗಗಳಿಗೆ ಬರೋಣ. ಏರಿಯನ್ನು ‘ಬಂಡ್’ ಎನ್ನುತ್ತಾರೆ. ಇದು ಪಾರ್ಸಿಯ ‘ಬಂದ್’. ತೂಬು ‘ಸ್ಲೂಸ್’. ಕೆರೆಯ ಕೆಳಗೆ ನೀರುಣ್ಣುವ ಗದ್ದೆತೋಟಗಳು ನಮ್ಮ ಅಚ್ಚುಕಟ್ಟು. ಮದರಾಸಿನ ಕಡೆಯ ಎಂಜಿನಿಯರುಗಳು ತಮಿಳಿನಿಂದ ‘ಆಯಕಟ್’ ಎಂದು ಅದನ್ನೇ ಇಂಗ್ಲಿಷಿಗೆ ಸೇರಿಸಿಕೊಂಡರು, ಈಗಿನವರು ‘ಕಮಾಂಡ್ ಏರಿಯಾ’ ಎನ್ನುತ್ತಾರೆ. ಕೆರೆಯ ಮೇಲ್ಗಡೆ ಮಳೆನೀರನ್ನು ಕೂಡಿಸಿ ಕಳುಹಿಸುವ ನೆಲವೆಲ್ಲ ‘ಕ್ಯಾಚ್‌ಮೆಂಟ್’. ಇವೆರಡನ್ನೂ ಒಂದೆಂದೇ ತಿಳಿದು ಬರೆಯುವವರನ್ನು ನಾವು ಆಗಾಗ್ಗೆ ಕಾಣುತ್ತೇವೆ. ಒಂದು ಕೊಡುವ ನೆಲ, ಇನ್ನೊಂದು ಪಡೆಯುವ ನೆಲ. ಮೇಲಿನ ನೆಲದಲ್ಲಿ ಹಳ್ಳಗಳನ್ನು ಮುಚ್ಚಿದರೆ ಕೆಳಗಿನ ನೆಲದಲ್ಲಿ ಪೈರು ಒಣಗುತ್ತದೆ. ಹೆಸರನ್ನು ಅದಲುಬದಲು ಮಾಡಿದವನಿಗೆ ಈ ಸಂಬಂಧ ಕಾಣುವುದೇ ಇಲ್ಲ.

ನಮ್ಮ ಗಮನವನ್ನು ಹೆಚ್ಚು ಸೆಳೆಯತಕ್ಕದ್ದು ಕೋಡಿ. ಇದಕ್ಕೆ ಎಂಜಿನಿಯರುಗಳು ಇಟ್ಟ ಹೆಸರು ‘ವೇಸ್ಟ್ ವಿಯರ್’. ಅಂದರೆ, ತೂಬಿನಿಂದ ಹೊರಟ ನೀರು ಉಪಯೋಗದ ನೀರು, ಕೋಡಿಯ ಮೇಲೆ ಹರಿದದ್ದು ಹಾಳಾದ ನೀರು ಎಂಬ ಲೆಕ್ಕ. ಒಂದೇ ಕೆರೆಯನ್ನು ನೋಡುವವನಿಗೆ ಈ ಲೆಕ್ಕ ಸರಿ. ಆದರೆ ನಮ್ಮ ಹಿರಿಯರು ಕಟ್ಟಿದ್ದು ಕೆರೆಗಳ ಸರಪಣಿಯನ್ನು. ಮೇಲಿನ ಕೆರೆಯ ಕೋಡಿ ಕೆಳಗಿನ ಕೆರೆಯ ಹುಟ್ಟು. ಅದಕ್ಕೆಂದೇ ಕೋಡಿ ಬಿದ್ದ ದಿನ ಊರಿಗೆ ಊರೇ ಹಬ್ಬ ಮಾಡಿ ಬಾಗಿನ ಅರ್ಪಿಸುತ್ತದೆ; ಹಾಳಾದ ವಸ್ತುವಿಗೆ ಯಾರೂ ಅರಿಸಿನ ಕುಂಕುಮ ಇಡುವುದಿಲ್ಲವಷ್ಟೆ. ಹಿರಿಯೂರಿನ ಹತ್ತಿರ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸಸಾಗರವು 1933ರಲ್ಲಿ ತುಂಬಿತ್ತು. ಮತ್ತೆ ಅದರ ಕೋಡಿಯ ಮೇಲೆ ನೀರು ಹರಿದದ್ದು 2022ರಲ್ಲಿ, 89 ವರ್ಷಗಳ ತರುವಾಯ. ಜಿಲ್ಲೆಯ ನಾನಾ ಮೂಲೆಗಳಿಂದ ಜನ ಆ ನೋಟವನ್ನು ನೋಡಲು ಬಂದರು. ಅವರು ನೋಡಲು ಬಂದದ್ದನ್ನು ‘ವೇಸ್ಟ್’ ಎಂದು ಅವರ ಮುಂದೆ ಹೇಳುವ ಧೈರ್ಯ ಯಾವ ಎಂಜಿನಿಯರಿಗೆ ಇದ್ದೀತು? ಈಚಿನ ಪುಸ್ತಕಗಳಲ್ಲಿ ‘ಸರ್‌ಪ್ಲಸ್ ವಿಯರ್’ ಎಂಬ ಹೆಸರೂ ಕಾಣುತ್ತದೆ. ಇದು ಎಷ್ಟೋ ಮೇಲು.

ಇದೇ ‘ವೇಸ್ಟ್’ ಎಂಬ ಮಾತು ನೆಲದ ಮೇಲೆ ಬಿದ್ದಾಗ ಆಗುವ ಪರಿಣಾಮ ಇನ್ನೂ ದೊಡ್ಡದು. ಇಂಗ್ಲೆಂಡಿನ ಹಳೆಯ ಜಮೀನುದಾರಿ ಪದ್ಧತಿಯಲ್ಲಿ, ಉಳದೆ ಬಿಟ್ಟಿದ್ದ ಊರೊಟ್ಟಿನ ನೆಲಕ್ಕೆ ‘ವೇಸ್ಟ್’ ಎಂದು ಹೆಸರಿತ್ತು. ಅದು ಕಂದಾಯದ ಪುಸ್ತಕದೊಡನೆ ನಮ್ಮ ದೇಶಕ್ಕೆ ಬಂದು, ಗೇಣಿ ತಾರದ ನೆಲವೆಲ್ಲ ‘ವೇಸ್ಟ್ ಲ್ಯಾಂಡ್’ ಆಯಿತು. ಪರಭಾಷೆಯನ್ನೇ ದೂರುವುದೂ ನ್ಯಾಯವಲ್ಲ. ನಮ್ಮ ಶಾನುಭೋಗರ ಲೆಕ್ಕದಲ್ಲಿಯೂ ‘ಖರಾಬು’ ಎಂಬ ಮಾತಿದೆ, ಅದಕ್ಕೂ ಕೆಟ್ಟದ್ದೆಂದೇ ಅರ್ಥ. ಆದರೆ ಅದರ ಪಕ್ಕದಲ್ಲಿಯೇ ಗೋಮಾಳ, ಹುಲ್ಲುಬನ್ನಿ, ಕಾವಲು ಎಂಬ ಮಾತುಗಳೂ ಉಳಿದುಕೊಂಡವು. ಇವುಗಳಲ್ಲಿ ‘ಕಾವಲು’ ಎಂಬುದನ್ನು ಸ್ವಲ್ಪ ನಿಂತು ನೋಡಬೇಕು.

ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎಂದಿದ್ದು, ಟಿಪ್ಪುವಿನ ಕಾಲದಲ್ಲಿ ‘ಅಮೃತಮಹಲ್’ ಎಂಬ ಹೆಸರು ಪಡೆದ ಇಲಾಖೆಯ ದನಗಳು ಮೇಯುವುದಕ್ಕಾಗಿ ಮೈಸೂರು ಸೀಮೆಯ ಉದ್ದಕ್ಕೂ ಹುಲ್ಲುಗಾವಲುಗಳನ್ನು ಕಾದಿಡಲಾಗಿತ್ತು. ಫಿರಂಗಿ ಎಳೆಯುವುದರಲ್ಲಿ ಆ ಎತ್ತುಗಳನ್ನು ಮೀರಿಸುವ ಎತ್ತುಗಳಿರಲಿಲ್ಲ. ಚಿತ್ರದುರ್ಗ ಸೀಮೆಯಲ್ಲಿ, ಮುಖ್ಯವಾಗಿ ಚಳ್ಳಕೆರೆಯ ಕಡೆ, ಇಂಥ ಕಾವಲುಗಳು ವಿಸ್ತಾರವಾಗಿದ್ದವು. ಕಾಯಲ್ಪಟ್ಟ ನೆಲವಾದ್ದರಿಂದಲೇ ಅದು ಕಾವಲು. ‘ವೇಸ್ಟ್’ ಎಂಬುದಕ್ಕೆ ನೇರ ವಿರುದ್ಧವಾದ ಮಾತು. ಕೃಷ್ಣಮೃಗ, ತೋಳ, ನರಿ, ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಗಳು, ಕುರಿಗಾರರ ಮಂದೆಗಳು, ಕಂಬಳಿಯ ಮಗ್ಗಗಳು, ಎಲ್ಲವೂ ಆ ಹುಲ್ಲನ್ನು ನಂಬಿದ್ದವು. ಇತ್ತ ಪುಸ್ತಕದಲ್ಲಿ ಮರವಿಲ್ಲದ ನೆಲ ಬರಿದು ನೆಲವೆಂದೇ ಎಣಿಕೆ. 1985ರಲ್ಲಿ ಕೇಂದ್ರಸರ್ಕಾರ ಸ್ಥಾಪಿಸಿದ ಮಂಡಲಿಯ ಹೆಸರಿನಲ್ಲಿಯೇ ‘ವೇಸ್ಟ್‌ಲ್ಯಾಂಡ್ಸ್’ ಎಂಬ ಪದವಿತ್ತು. 2000ದಲ್ಲಿ ಹೊರಬಂದ ದೇಶದ ಬಂಜರು ನೆಲದ ಭೂಪಟದಲ್ಲಿ ಕುರುಚಲು ನೆಲಕ್ಕೂ ಅದೇ ಪಂಕ್ತಿಯಲ್ಲಿ ಎಲೆ ಹಾಕಿದರು. ಚಳ್ಳಕೆರೆಯ ಕಾವಲುಗಳಲ್ಲಿ ಸಾವಿರಾರು ಎಕರೆ ಈ ಶತಮಾನದ ಮೊದಲ ದಶಕದ ಕೊನೆಯ ಹೊತ್ತಿಗೆ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹಂಚಿಕೆಯಾದಾಗ, ಸುತ್ತಲ ಹಳ್ಳಿಗಳವರು ಮೇವಿನ ಹಕ್ಕನ್ನು ಕುರಿತು ಎತ್ತಿದ ವ್ಯಾಜ್ಯ 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದ ಮುಂದಿತ್ತು. ಆ ಸಂಸ್ಥೆಗಳ ಪ್ರಯೋಜನವನ್ನು ನಾವು ಅಲ್ಲಗಳೆಯುವವರಲ್ಲ. ನಮ್ಮ ಪ್ರಸ್ತಾಪ ಇಷ್ಟೆ: ನೆಲವನ್ನು ಖಾಲಿಯೆಂದು ಕರೆದ ಮೇಲೆ, ಅಲ್ಲಿ ಇರುವವರನ್ನು ಕೇಳಬೇಕೆಂಬ ಯೋಚನೆ ಹಿಂದಕ್ಕೆ ಬೀಳುತ್ತದೆ.

ಹಾಗಾದರೆ ಕಾವಲಿಗೆ ಇಂಗ್ಲಿಷಿನಲ್ಲಿ ಏನೆನ್ನಬೇಕು? ‘ಮೆಡೊ’ ಸಲ್ಲದು, ಅದು ತಂಪು ಹವೆಯಲ್ಲಿ ಹುಲ್ಲು ಕೊಯ್ದು ಒಣಗಿಸಿಡುವ ಬಯಲು. ‘ಪಾಸ್ಚರ್’ ಎಂದರೆ ಮೇಯುವ ನೆಲವೆಂಬಷ್ಟು ಅರ್ಥ ಬರುತ್ತದೆ. ಕೆರೀಬಿಯನ್ ದ್ವೀಪಗಳ ಮೂಲನಿವಾಸಿಗಳಿಂದ ಸ್ಪೇನಿನವರು ಕಲಿತು ಯೂರೋಪಿಗೆ ಕೊಟ್ಟ ‘ಸವಾನ’ ಎಂಬ ಮಾತು ಎಲ್ಲಕ್ಕಿಂತ ಸಮೀಪವಾದುದು: ಹುಲ್ಲೇ ಪ್ರಧಾನವಾಗಿ, ಅಲ್ಲೊಂದು ಇಲ್ಲೊಂದು ಮರವಿರುವ ಒಣನೆಲ.

ಇನ್ನು ‘ಜಂಗಲ್’. ಈ ಪದದ ಕಥೆಯಷ್ಟು ವಿನೋದವಾದುದು ಬೇರೊಂದಿಲ್ಲ. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಹಿಂದೂಸ್ಥಾನದಿಂದ ಇಂಗ್ಲಿಷಿಗೆ ಹೋದ ಈ ಮಾತಿಗೆ ಅಲ್ಲಿ ಕ್ರಮವಾಗಿ ದಟ್ಟವಾದ, ತೇವವಾದ, ಬೆಳಕು ಹೊಗದ ಕಾಡೆಂಬ ಅರ್ಥ ಬೆಳೆಯಿತು. 1894ರಲ್ಲಿ ಕಿಪ್ಲಿಂಗನ ಮಕ್ಕಳ ಪುಸ್ತಕ ಬಂದಮೇಲೆ ಅದು ಲೋಕವಿಖ್ಯಾತವಾಯಿತು. ಮೂಲದಲ್ಲಿ ಸಂಸ್ಕೃತದ ‘ಜಾಂಗಲ’ ಎಂಬುದು ಇದಕ್ಕೆ ತೀರ ವಿರುದ್ಧ. ಚರಕ ಸುಶ್ರುತರು ದೇಶವನ್ನು ಜಾಂಗಲ, ಆನೂಪ, ಸಾಧಾರಣ ಎಂದು ಮೂರಾಗಿ ವಿಂಗಡಿಸುತ್ತಾರೆ. ನೀರು ತುಂಬಿ ಗಿಡಬಳ್ಳಿ ಹೆಣೆದುಕೊಂಡದ್ದು ಆನೂಪ. ಆಕಾಶ ವಿಶಾಲವಾಗಿ, ನೀರು ವಿರಳವಾಗಿ, ಕಗ್ಗಲಿ, ಬನ್ನಿ, ಬೋರೆಯಂಥ ಮುಳ್ಳುಮರಗಳು ಬೆಳೆದು, ಜಿಂಕೆಗಳು ಓಡಾಡುವ ಬಯಲುಸೀಮೆ ಜಾಂಗಲ. ಆರೋಗ್ಯಕ್ಕೆ ಹಿತವಾದುದೆಂದೂ ವೈದ್ಯರು ಅದನ್ನು ಹೊಗಳಿದರು. ಫ್ರಾನ್ಸಿನ ವಿದ್ವಾಂಸರಾದ ಫ್ರಾನ್ಸಿಸ್ ಜಿಮರ್‌ಮನ್ನರು 1982ರಲ್ಲಿ ಈ ವಿಷಯದ ಮೇಲೆ ಒಂದು ಗ್ರಂಥವನ್ನೇ ರಚಿಸಿದರು. ಈ ಲಕ್ಷಣಗಳನ್ನು ಹಿಡಿದು ನಡೆದರೆ, ಆಗುಂಬೆಯ ಕಾಡು ಜಂಗಲ್ ಅಲ್ಲ. ಭರಮಸಾಗರದ ಸುತ್ತಣ ಬೋರೆಗುಡ್ಡಗಳೇ ಜಂಗಲ್! ನಾವು ಯಾವ ನೆಲವನ್ನು ಹಾಳೆಂದು ಬರೆಯುತ್ತಿದ್ದೇವೋ ಅದೇ ನೆಲದ ಹೆಸರನ್ನು ಇಂಗ್ಲಿಷರು ಮಲೆನಾಡಿಗೆ ಕೊಟ್ಟರು, ನಾವು ಅದನ್ನು ಅವರಿಂದ ಮರಳಿ ಕಲಿತೆವು.

ಎಲ್ಲ ಸಾಲವೂ ಹೀಗೆ ಕೆಟ್ಟುಹೋಗಿಲ್ಲ. ಮೈಸೂರು ಮಲಬಾರು ಸೀಮೆಗಳಲ್ಲಿ 1800–1801ರಲ್ಲಿ ಸಂಚಾರಮಾಡಿದ ಡಾಕ್ಟರ್ ಫ್ರಾನ್ಸಿಸ್ ಬುಕಾನನ್ ಮಲಬಾರಿನಲ್ಲಿ ಒಂದು ವಿಚಿತ್ರವಾದ ಕೆಂಪು ಕಲ್ಲನ್ನು ಕಂಡನು. ನೆಲದಲ್ಲಿರುವಾಗ ಕೊಡಲಿಯಿಂದ ಕೊಯ್ಯಬಹುದಾದಷ್ಟು ಮೆತ್ತಗೆ, ಗಾಳಿ ತಗುಲಿದಮೇಲೆ ಗಟ್ಟಿ. ಅಲ್ಲಿಯ ಜನ ಅದನ್ನು ಇಟ್ಟಿಗೆಗಲ್ಲೆಂದು ಕರೆಯುವುದನ್ನು ಕೇಳಿ, ಇಟ್ಟಿಗೆಯೆಂಬ ಅರ್ಥದ ಲ್ಯಾಟಿನ್ ಪದದಿಂದ ‘ಲ್ಯಾಟರೈಟ್’ ಎಂಬ ಹೆಸರನ್ನು ರಚಿಸಿದನು. ನಮ್ಮ ‘ಜಂಬಿಟ್ಟಿಗೆ’ಯಲ್ಲಿಯೂ ಅದೇ ಇಟ್ಟಿಗೆ ಇದೆ. ಚಿತ್ರದುರ್ಗದ ಹತ್ತಿರ ಮರಡಿಹಳ್ಳಿಯಲ್ಲಿ ದಿಂಬುಗಳನ್ನು ಒಟ್ಟಿದಂತಿರುವ ಬಂಡೆಗಳಿವೆ. ಭೂಶಾಸ್ತ್ರಜ್ಞರು ಅವನ್ನು ‘ಪಿಲ್ಲೊ ಲಾವ’ ಎನ್ನುತ್ತಾರೆ. ಕುದಿಯುವ ಶಿಲಾರಸವು ನೀರಿನೊಳಗೆ ಹೊರಬಂದರೆ ಮಾತ್ರ ಆ ಆಕಾರ ಬರುತ್ತದೆಯಾದ್ದರಿಂದ, ಸುಮಾರು 250 ಕೋಟಿ ವರ್ಷಗಳ ಹಿಂದೆ ಈ ಒಣಸೀಮೆ ನೀರಿನ ಕೆಳಗಿತ್ತೆಂದು ಅವು ಸಾರುತ್ತಿವೆ. ದಿಂಬಿನಂಥ ಮನೆಮಾತು ಶಾಸ್ತ್ರಕ್ಕೆ ಸಾಕಾಯಿತು. ಕನ್ನಡದಲ್ಲಿ ಶಾಸ್ತ್ರ ಬರೆಯುವವರು ಇದನ್ನು ನೆನಪಿನಲ್ಲಿಡಬಹುದು.

ಈಚೆಗೆ ಹೆಚ್ಚು ಕೇಳಿಬರುವ ದೊಡ್ಡ ಮಾತುಗಳನ್ನು ಬೇಗನೆ ದಾಟಿಬಿಡೋಣ. ‘ಎನ್ವೈರನ್‌ಮೆಂಟ್’ ಎಂಬುದನ್ನು ಈಗಿನ ಅರ್ಥದ ಕಡೆಗೆ ತಿರುಗಿಸಿದವನು ಕಾರ್ಲೈಲ್, 1828ರಲ್ಲಿ. ‘ಇಕಾಲಜಿ’ಯನ್ನು 1866ರಲ್ಲಿ ಜರ್ಮನಿಯ ಹೆಕಲ್ ಗ್ರೀಕಿನ ಮನೆ ಎಂಬ ಪದದಿಂದ ಕಟ್ಟಿದನು, ಅರ್ಥಶಾಸ್ತ್ರದ ಇಂಗ್ಲಿಷ್ ಹೆಸರೂ ಅದೇ ಮನೆಯಿಂದ ಬಂದುದು, ಆದರೆ ದಾಯಾದಿಗಳು ಈಗ ಅಷ್ಟಾಗಿ ಮಾತಾಡುವುದಿಲ್ಲ. ‘ಇಕೊಸಿಸ್ಟಂ’ ಎಂಬುದು ಟಾನ್ಸ್‌ಲಿಯು 1935ರಲ್ಲಿ ಹುಟ್ಟಿಸಿದ ಮಾತು. ಮೈಸೂರಿನಲ್ಲಿ ಗೋಪಾಲಸ್ವಾಮಿಯವರು ‘ಆಕಾಶವಾಣಿ’ಯನ್ನು ಆರಂಭಿಸಿದ್ದೂ ಅದೇ ವರ್ಷ.

ಒಂದು ವಿಷಯದಲ್ಲಿ ಇಂಗ್ಲಿಷಿನಿಂದ ನಾವು ಕಲಿಯತಕ್ಕದ್ದು ನಿಜವಾಗಿ ಇದೆ. ನಾವು ಆಡುಮಾತಿನಲ್ಲಿ ಮಳೆ ಹೋದರೂ ಬರ, ಜನ ಹಸಿವಿನಿಂದ ಸತ್ತರೂ ಬರ ಎನ್ನುತ್ತೇವೆ. ಇಂಗ್ಲಿಷ್ ಮೊದಲನೆಯದನ್ನು ‘ಡ್ರೌಟ್’ ಎಂದೂ ಎರಡನೆಯದನ್ನು ‘ಫ್ಯಾಮಿನ್’ ಎಂದೂ ಬೇರ್ಪಡಿಸುತ್ತದೆ. ನಮ್ಮ ಗ್ರಂಥಭಾಷೆಯಲ್ಲಿಯೂ ಅನಾವೃಷ್ಟಿ, ಕ್ಷಾಮ ಎಂಬ ಭೇದವಿದೆ, ನಾವು ಅದನ್ನು ಬಳಕೆಯಿಂದ ಬಿಟ್ಟೆವು. ಮೊದಲನೆಯದು ಆಕಾಶದ ಕೆಲಸ. ಎರಡನೆಯದರಲ್ಲಿ ಧಾನ್ಯದ ಬೆಲೆ, ಸಾಗಣೆ, ಸರ್ಕಾರದ ಎಚ್ಚರ ಇವೆಲ್ಲಕ್ಕೂ ಪಾಲುಂಟು. 1871ರ ಜನಗಣತಿಯಲ್ಲಿ 50 ಲಕ್ಷಕ್ಕೆ ಮೀರಿದ್ದ ಮೈಸೂರಿನ ಜನಸಂಖ್ಯೆ, 1876–78ರ ಕ್ಷಾಮವನ್ನು ಕಳೆದು 1881ರ ಗಣತಿಗೆ ಬರುವಾಗ 42 ಲಕ್ಷದಷ್ಟಕ್ಕೆ ಇಳಿದಿತ್ತು. ಚಿತ್ರದುರ್ಗದ ಸೀಮೆಯಲ್ಲಿ ಮಳೆ ತಪ್ಪಿದ ವರ್ಷಗಳು ಆಮೇಲೆಯೂ ಎಷ್ಟೋ ಬಂದಿವೆ. ಆದರೆ ಅಂಥ ಮೃತ್ಯು ಮರಳಿ ಬಂದಿಲ್ಲ. ಎರಡಕ್ಕೂ ಒಂದೇ ಹೆಸರಿಟ್ಟರೆ ಈ ವ್ಯತ್ಯಾಸವನ್ನು ಹೇಳುವುದು ಹೇಗೆ?

ನೀರಿನ ನಡಿಗೆಯ ವಿಷಯದಲ್ಲಿ ಮಾತ್ರ ಕನ್ನಡಕ್ಕೆ ಸಾಲ ಬೇಡ. ಇಂಗುವುದು ‘ಪರ್ಕೊಲೇಟ್’, ಒಸರುವುದು ‘ಸೀಪ್’, ಜಿನುಗುವುದು ‘ಊಜ್’, ಬಸಿಯುವುದು ‘ಡ್ರೇನ್’. ಆದರೆ ಬಿತ್ತನೆಗೆ ತಕ್ಕಷ್ಟೇ ನೆನೆದ ನೆಲದ ಸ್ಥಿತಿಗೆ ನಮ್ಮ ರೈತನು ಹೇಳುವ ‘ಹದ’, ‘ಬೆದೆ’ ಎಂಬ ಮಾತುಗಳಿಗೆ ಸಾಟಿಯಾದ ಒಂದು ಪದವನ್ನು ನಾವು ಇಂಗ್ಲಿಷಿನಲ್ಲಿ ಕಾಣೆವು. ‘ಮಾಯಿಸ್ಚರ್’ ಎಂದರೆ ತೇವವಾಯಿತು, ಸಮಯವಾಗಲಿಲ್ಲ.

ಭರಮಸಾಗರದ ಕೆರೆಗೆ 2021ರಲ್ಲಿ ತುಂಗಭದ್ರೆಯ ನೀರು ಕೊಳವೆಗಳಲ್ಲಿ ಬಂದು ಬಿದ್ದಿತು. ಆ ಯೋಜನೆಗೆ ಇಂಗ್ಲಿಷಿನಲ್ಲಿ ‘ಲಿಫ್ಟ್ ಇರಿಗೇಷನ್’ ಎಂದು ಹೆಸರು; ಕನ್ನಡದಲ್ಲಿ ಏತ ನೀರಾವರಿ. ಏತವೆಂದರೆ ಬಾವಿಯ ದಡದಲ್ಲಿ ಉದ್ದನೆಯ ತೊಲೆಯನ್ನು ತಕ್ಕಡಿಯಂತೆ ನಿಲ್ಲಿಸಿ, ಅದರ ಮೇಲೆ ಆಳು ಹಿಂದಕ್ಕೂ ಮುಂದಕ್ಕೂ ನಡೆದು ನೀರೆತ್ತುತ್ತಿದ್ದ ಸಾಧನ. ಕಂಪನಿಯ ಕಾಲದ ಇಂಗ್ಲಿಷಿನಲ್ಲಿ ಅದಕ್ಕೆ ಪೋರ್ಚುಗೀಸರಿಂದ ಬಂದ ‘ಪಿಕೋಟ’ ಎಂಬ ಮಾತಿತ್ತು. ಏತ ಮರೆಯಾಗುತ್ತಲೇ ಆ ಮಾತೂ ಅವರಲ್ಲಿ ಮರೆಯಾಯಿತು. ನಮ್ಮಲ್ಲಿ ತೊಲೆ ಹೋಯಿತು, ತೊಲೆಯ ಮೇಲೆ ನಡೆಯುತ್ತಿದ್ದ ಆಳೂ ಹೋದನು. ಹೆಸರು ಮಾತ್ರ ವಿದ್ಯುತ್ತಿನ ಯಂತ್ರಕ್ಕೆ ಬಂದು ಸೇರಿಕೊಂಡಿದೆ.