ಗದ್ದಲದ ಚಿತ್ರ, ನಿಧಾನದ ಯಂತ್ರ

ತುಂಗಭದ್ರೆಯ ನೀರುಂಡ ಸಿರುಗುಪ್ಪದ ಸೀಮೆಯಲ್ಲಿ, ಒಕ್ಕಣೆಯ ಯಂತ್ರಗಳು ಬರುವುದಕ್ಕೆ ಮುಂಚೆ, ರೈತನು ಗಾಳಿ ಬೀಸುವ ಹೊತ್ತನ್ನು ನೋಡಿ ಭತ್ತವನ್ನು ತೂರುತ್ತಿದ್ದನು. ಜೊಳ್ಳು ಹಾರಿ ದೂರ ಬೀಳುತ್ತಿತ್ತು. ಕಾಳು ಕಾಲ ಬುಡದಲ್ಲಿಯೇ ರಾಶಿಯಾಗುತ್ತಿತ್ತು. ಗಾಳಿ ಸಾಲದಿದ್ದರೆ ಜೊಳ್ಳು ಉಳಿಯುವುದು. ಗಾಳಿ ಅತಿಯಾದರೆ ಕಾಳೂ ಹಾರಿಹೋಗುವುದು. ಚಲಿಸುವ ಚಿತ್ರಗಳಲ್ಲಿ ಸೇರಿಕೊಂಡ ಕಸವನ್ನು ಗಣಕಯಂತ್ರದಿಂದ ತೆಗೆಯುವ ಕೆಲಸವೂ ಇಂತಹುದೇ. ಯಾವುದು ಕಾಳು, ಯಾವುದು ಜೊಳ್ಳು ಎಂಬುದನ್ನು ಅರಿಯುವುದರಲ್ಲಿಯೇ ಅದರ ಮರ್ಮವೆಲ್ಲ ಅಡಗಿದೆ.

ಜಪಾನಿನಲ್ಲಿ ಕೈಯಿಂದ ಬರೆದ ಚಿತ್ರಗಳನ್ನು ಜೀವಂತವಾಗಿ ಓಡಾಡಿಸುವ ಕಲೆಗೆ ‘ಅನಿಮೆ’ ಎಂದು ಹೆಸರು. ಯೂಗೊ ಸಾಕೊ ಎಂಬ ಜಪಾನೀ ನಿರ್ಮಾಪಕರೂ ನಮ್ಮ ದೇಶದ ರಾಮಮೋಹನ್ ಅವರೂ ಕೂಡಿ ರಾಮಾಯಣವನ್ನು ಈ ರೀತಿಯಲ್ಲಿ ಚಿತ್ರಿಸಿದ್ದರು. 1993ರಲ್ಲಿ ತೆರೆಕಂಡ ಆ ಚಿತ್ರವು 2025ರಲ್ಲಿ ಹೊಸ ಹೊಳಪಿನೊಡನೆ ಭಾರತದ ಚಿತ್ರಮಂದಿರಗಳಿಗೆ ಮತ್ತೆ ಬಂದಿತು. 2021ರವರೆಗೆ ಬಳ್ಳಾರಿ ಜಿಲ್ಲೆಗೇ ಸೇರಿದ್ದ ಹಂಪೆಯ ಸುತ್ತಣ ನೆಲವನ್ನೇ ಕಿಷ್ಕಿಂಧೆಯೆಂದು ಬಗೆಯುವ ನಮ್ಮವರಿಗೆ ಈ ಕಥೆ ಬೇರೆಯವರದಲ್ಲ. ಇಂತಹುದೊಂದು ಚಿತ್ರದ ಹಳೆಯ ವೀಡಿಯೊ ಟೇಪು ಬಳ್ಳಾರಿಯ ಮನೆಯೊಂದರ ಪೆಟ್ಟಿಗೆಯಲ್ಲಿ ಇದೆಯೆಂದುಕೊಳ್ಳೋಣ. ಅದನ್ನು ಹಾಕಿ ನೋಡಿದರೆ ತಿಳಿನೀಲಿಯ ಆಕಾಶದಲ್ಲೆಲ್ಲ ಇರುವೆಗಳು ಹರಿದಾಡಿದಂತೆ ಚುಕ್ಕೆಗಳು ಕುಣಿಯುತ್ತವೆ. ಇವು ಎಲ್ಲಿಂದ ಬಂದವು?

ಒಂದೇ ಮೂಲದಿಂದಲ್ಲ. ಫಿಲ್ಮಿನ ಮೇಲಿರುವ ಬೆಳ್ಳಿಯ ಲವಣದ ಕಣಗಳು ಎಲ್ಲ ಕಡೆಯಲ್ಲಿಯೂ ಒಂದೇ ಸಮನಾಗಿ ಹರಡಿರುವುದಿಲ್ಲ. ಟೇಪಿನ ಕಾಂತಲೇಪನವು ಸವೆಯುತ್ತದೆ. ವಿದ್ಯುನ್ಮಂಡಲದಲ್ಲಿ ಉಷ್ಣದ ದೆಸೆಯಿಂದ ಎಲೆಕ್ಟ್ರಾನುಗಳು ಸದಾ ತಳಮಳಿಸುತ್ತಿರುತ್ತವೆ. ಇವುಗಳೆಲ್ಲ ಸೇರಿ ನಿಜವಾದ ಚಿತ್ರದ ಮೇಲೆ ಹೊರೆಯಾಗಿ ಬೀಳುವ ಏರುಪೇರಿಗೆ ‘ಗದ್ದಲ’ವೆಂದು ಹೆಸರಿಡಬಹುದು. ಸಂತೆಯಲ್ಲಿ ಮಾತನಾಡುವವನ ದನಿ ಸುತ್ತಲಿನ ಗಲಾಟೆಯಲ್ಲಿ ಮುಳುಗುವಂತೆ, ಚಿತ್ರವು ಇದರಲ್ಲಿ ಮುಳುಗುತ್ತದೆ.

ಗಣಕಯಂತ್ರಕ್ಕೆ ಚಿತ್ರವೆಂದರೆ ಬಿಂದುಗಳ ಸಾಲು. ಪ್ರತಿಯೊಂದು ಬಿಂದುವಿಗೂ ಹೊಳಪನ್ನು ತಿಳಿಸುವ ಅಂಕೆಗಳುಂಟು. ಆಕಾಶದ ಒಂಬತ್ತು ನೆರೆಬಿಂದುಗಳ ಹೊಳಪು 100, 102, 98, 101, 250, 99, 100, 103, 97 ಎಂದಿರಲಿ. ಇಲ್ಲಿ 250 ಎಂಬುದು ಕಳ್ಳಚುಕ್ಕೆಯೆಂದು ಕಣ್ಣಿಗೇ ತಿಳಿಯುತ್ತದೆ. ಸರಾಸರಿ ತೆಗೆದರೆ ಸುಮಾರು 117 ಬರುತ್ತದೆ. ಒಬ್ಬನ ತಪ್ಪು ಒಂಬತ್ತು ಮಂದಿಗೂ ಹಂಚಿತು! ಅದಕ್ಕೆ ಬದಲಾಗಿ ಅಂಕೆಗಳನ್ನು ಏರಿಕೆಯ ಕ್ರಮದಲ್ಲಿ ನಿಲ್ಲಿಸಿ ನಡುವಿನದನ್ನು ಆರಿಸಿದರೆ 100 ದೊರೆಯುತ್ತದೆ. ಇದು ‘ಮಧ್ಯಾಂಕ ಶೋಧಕ’. ಬಿಡಿ ಚುಕ್ಕೆಗಳಿಗೆ ಇದು ರಾಮಬಾಣ. ಆದರೆ ಸಪುರವಾದ ಗೆರೆಯೊಂದು ಅದೇ ಚೌಕದಲ್ಲಿ ಹಾದುಹೋದರೆ, ಗೆರೆಯ ಬಿಂದುಗಳು ಅಲ್ಪಸಂಖ್ಯಾತವಾದುದರಿಂದ, ಅವನ್ನೂ ಇದು ನುಂಗಿಬಿಡಬಲ್ಲುದು.

ಅನಿಮೆಯ ಪಾತ್ರಗಳ ಮೈಬಣ್ಣ ಸಪಾಟಾದುದು. ಅಂಚಿನ ಗೆರೆ ಖಚಿತವಾದುದು. ಕುರುಗೋಡಿನ ಬೆಟ್ಟದ ಬಂಡೆಯನ್ನು ಛಾಯಾಚಿತ್ರದಲ್ಲಿ ಹಿಡಿದರೆ ಕಾಣುವ ಕಪ್ಪುಬಿಳುಪು ಚುಕ್ಕೆಗಳು ಗದ್ದಲವಲ್ಲ. ಅವು ಕಲ್ಲಿನ ಹರಳುಗಳೇ. ಅಲ್ಲಿ ಚುಕ್ಕೆಯನ್ನು ಅಳಿಸಿದರೆ ಬಂಡೆ ಮೇಣವಾಗಿ ತೋರುವುದು. ಬರೆದ ಚಿತ್ರದ ಕೆನ್ನೆಯ ಮೇಲೆ ಅದೇ ಚುಕ್ಕೆಗಳು ಕಂಡರೆ ಅವು ಕಸವೇ ಸರಿ. ಆದುದರಿಂದ ಅಂಚನ್ನು ಕಾಪಾಡಿ ಸಪಾಟು ಭಾಗವನ್ನು ಮಾತ್ರ ನಯಗೊಳಿಸುವ ಶೋಧಕಗಳು ಇಲ್ಲಿ ಬಲು ಉಪಯುಕ್ತ. 1998ರಲ್ಲಿ ತೊಮಾಸಿ ಮತ್ತು ಮಂಡೂಚಿ ಎಂಬವರು ವಿವರಿಸಿದ ‘ದ್ವಿಪಾರ್ಶ್ವ ಶೋಧಕ’ವು ಈ ಬಗೆಯದು. ಅದು ಹತ್ತಿರದಲ್ಲಿದ್ದು ಬಣ್ಣದಲ್ಲಿಯೂ ಹೋಲುವ ಬಿಂದುಗಳ ಮಾತನ್ನು ಹೆಚ್ಚಾಗಿ ಕೇಳುತ್ತದೆ. ಗೆರೆಯಾಚೆಗಿನವುಗಳ ಮಾತಿಗೆ ಅಷ್ಟಾಗಿ ಕಿವಿಗೊಡುವುದಿಲ್ಲ.

ಬರೆದ ಚಿತ್ರದಲ್ಲಿ ಇನ್ನೊಂದು ಸೌಕರ್ಯವುಂಟು. ಶ್ರಮವನ್ನು ಉಳಿಸುವುದಕ್ಕಾಗಿ ಕಲಾವಿದರು ಒಂದೊಂದು ಚಿತ್ರವನ್ನು ಎರಡು ಮೂರು ಚೌಕಟ್ಟುಗಳವರೆಗೆ ಕದಲಿಸದೆ ನಿಲ್ಲಿಸುತ್ತಾರೆ. ಹಿನ್ನೆಲೆಯ ಚಿತ್ರವಂತೂ ಕ್ಷಣಗಟ್ಟಲೆ ನಿಂತಿರುತ್ತದೆ. ಚಿತ್ರವು ಒಂದೇ, ಆದರೆ ಗದ್ದಲವು ಚೌಕಟ್ಟಿನಿಂದ ಚೌಕಟ್ಟಿಗೆ ಬೇರೆ ಬೇರೆ. ಅಂತಹ ನಾಲ್ಕು ಚೌಕಟ್ಟುಗಳ ಸರಾಸರಿ ತೆಗೆದರೆ ಗದ್ದಲವು ಅರ್ಧಕ್ಕೆ ಇಳಿಯುತ್ತದೆ. ಹದಿನಾರರ ಸರಾಸರಿಯಿಂದ ಕಾಲು ಭಾಗಕ್ಕೆ ಇಳಿಯುತ್ತದೆ. ಚೌಕಟ್ಟುಗಳ ಸಂಖ್ಯೆಯ ವರ್ಗಮೂಲದಷ್ಟು ಲಾಭ ಎಂಬುದೇ ನಿಯಮ. ಚಿತ್ರವು ಚಲಿಸುತ್ತಿದ್ದರೆ, ಯಾವ ಭಾಗವು ಎಲ್ಲಿಗೆ ಸರಿಯಿತೆಂಬುದನ್ನು ಮೊದಲು ಹುಡುಕಿ, ಅವನ್ನು ಒಂದರ ಮೇಲೊಂದು ಹೊಂದಿಸಿ, ಆಮೇಲೆ ಸರಾಸರಿ ತೆಗೆಯಬೇಕು.

ಈ ಹುಡುಕಾಟವೇ ಕಾಲವನ್ನು ತಿನ್ನುವುದು. ನಮ್ಮ ದೂರದರ್ಶನದ ಪದ್ಧತಿಯಲ್ಲಿ ಸೆಕೆಂಡಿಗೆ 25 ಚೌಕಟ್ಟುಗಳು. 24 ನಿಮಿಷಗಳ ಕಥೆಯೊಂದರಲ್ಲಿ 36,000 ಚೌಕಟ್ಟುಗಳಾದವು. ಯಂತ್ರವು ಸೆಕೆಂಡಿಗೆ ಎರಡನ್ನು ಮಾತ್ರ ಶುದ್ಧಿಮಾಡಬಲ್ಲುದಾದರೆ ಐದು ಗಂಟೆ ಕಾಯಬೇಕು! ಹೀಗೆ ಲೆಕ್ಕ ಮಾಡಿ ಹೊಸ ಚೌಕಟ್ಟುಗಳನ್ನು ಹೊರತರುವ ಕ್ರಿಯೆಗೆ ‘ರೆಂಡರಿಂಗ್’ ಎನ್ನುತ್ತಾರೆ. ಇದನ್ನು ಚುರುಕುಗೊಳಿಸುವ ದಾರಿಗಳು ಕೆಲವುಂಟು.

ಮೊದಲನೆಯದು ಕ್ರಮ. ಟೇಪಿನಿಂದ ಬಂದ ಚೌಕಟ್ಟಿನ ಅಳತೆ 720ಕ್ಕೆ 576, ಬಿಂದುಗಳು 4,14,720. ಅದನ್ನು 1920ಕ್ಕೆ 1080ರ ಅಳತೆಗೆ ಹಿಗ್ಗಿಸಿದರೆ 20,73,600, ಅಂದರೆ ಸರಿಯಾಗಿ ಐದು ಪಟ್ಟು. ಮೊದಲು ಹಿಗ್ಗಿಸಿ ಆಮೇಲೆ ಶುದ್ಧಿಮಾಡುವವನು ಐದು ಪಟ್ಟು ದುಡಿಯುವುದಲ್ಲದೆ, ಗದ್ದಲವನ್ನೂ ಹಿಗ್ಗಿಸಿರುತ್ತಾನೆ. ಮೊದಲು ಶುದ್ಧಿ, ಆಮೇಲೆ ಹಿಗ್ಗು ಎಂಬುದೇ ಜಾಣತನ.

ಎರಡನೆಯದು ಗಣಿತದ ಉಪಾಯ. ಏಳಕ್ಕೆ ಏಳರ ಚೌಕದಲ್ಲಿ ನೆರೆಬಿಂದುಗಳನ್ನು ತೂಗಿ ನೋಡಲು ಪ್ರತಿ ಬಿಂದುವಿಗೂ 49 ಗುಣಾಕಾರಗಳು ಬೇಕು. ಗೌಸನ ಗಂಟೆಯಾಕಾರದ ತೂಕಗಳನ್ನು ಬಳಸಿದಾಗ, ಮೊದಲು ಅಡ್ಡಸಾಲಿನಲ್ಲಿ ಏಳು, ಬಳಿಕ ಉದ್ದಸಾಲಿನಲ್ಲಿ ಏಳು, ಹೀಗೆ 14ರಲ್ಲಿಯೇ ಅದೇ ಉತ್ತರವು ದೊರೆಯುತ್ತದೆ.

ಮೂರನೆಯದು ಕೆಲಸವನ್ನು ಹಂಚುವುದು. ಇಂದಿನ ಯಂತ್ರದ ಮಿದುಳಿನಲ್ಲಿ ಹಲವು ಗಣನಾಂಗಗಳಿರುತ್ತವೆ. ಚಿತ್ರಸಂಸ್ಕಾರಕ ಫಲಕದಲ್ಲಂತೂ ಅವು ಸಾವಿರಗಟ್ಟಲೆ. ಆದರೆ ಇದಕ್ಕೂ ಮಿತಿಯುಂಟೆಂದು 1967ರಲ್ಲಿಯೇ ಜೀನ್ ಆಮ್ಡಾಲ್ ಎಂಬವರು ತೋರಿಸಿದರು. 300 ನಿಮಿಷಗಳ ಕೆಲಸದಲ್ಲಿ 30 ನಿಮಿಷಗಳ ಭಾಗವನ್ನು ಹಂಚಲು ಬಾರದಿದ್ದರೆ, ಉಳಿದ 270 ನಿಮಿಷಗಳನ್ನು ಒಂಬತ್ತು ಅಂಗಗಳಿಗೆ ಹಂಚಿದಾಗ ಒಟ್ಟು ಒಂದು ಗಂಟೆಯಾಗುವುದು. ಅಂಗಗಳನ್ನು ಎಷ್ಟು ಹೆಚ್ಚಿಸಿದರೂ ಆ 30 ನಿಮಿಷಗಳು ಮಾತ್ರ ಕರಗಲಾರವು. ಮತ್ತೊಂದು ಮಾತು: ಯಂತ್ರವು ಕಾದಾಗ ತನ್ನನ್ನು ಕಾಪಾಡಿಕೊಳ್ಳಲು ತಾನಾಗಿಯೇ ವೇಗವನ್ನು ತಗ್ಗಿಸುತ್ತದೆ. ಉಷ್ಣತೆಯು 40 ಡಿಗ್ರಿಯನ್ನು ದಾಟುವ ಬಳ್ಳಾರಿಯ ಬೇಸಗೆಯ ಮಧ್ಯಾಹ್ನದಲ್ಲಿ ಆರಂಭಿಸುವುದಕ್ಕಿಂತ ಇರುಳಿನಲ್ಲಿ ಆರಂಭಿಸಿದರೆ ಕೆಲಸ ಬೇಗ ಮುಗಿದೀತು. ಅದಕ್ಕೂ ಮುಂಚೆ ಅರ್ಧ ನಿಮಿಷದ ತುಣುಕಿನ ಮೇಲೆ ಪರೀಕ್ಷೆಮಾಡಿ ನೋಡುವವನು ಐದು ಗಂಟೆಗಳ ಪಶ್ಚಾತ್ತಾಪವನ್ನು ತಪ್ಪಿಸಿಕೊಳ್ಳುತ್ತಾನೆ.

ಇನ್ನು ಈ ವಿದ್ಯೆಯ ಅಪಾಯದ ಮಾತು. ಬೆಳಕಿನ ಎದುರು ಬಣ್ಣದ ಆಕೃತಿಗಳನ್ನು ಆಡಿಸುವ ಕಲೆ ನಮ್ಮ ಸೀಮೆಯಲ್ಲಿ ಅನಿಮೆಗಿಂತ ಎಷ್ಟೋ ಹಳೆಯದು, ಅದೇ ತೊಗಲುಗೊಂಬೆಯಾಟ. ಬಳ್ಳಾರಿಯ ಹೆಸರಾಂತ ತೊಗಲುಗೊಂಬೆ ಕಲಾವಿದ ಬೆಳಗಲ್ಲು ವೀರಣ್ಣನವರು 2023ರಲ್ಲಿ ತೀರಿಕೊಂಡರು. ಇಂತಹ ಹಿರಿಯರು ಅಗಲಿದಾಗ, ಅವರ ಆಟವನ್ನು ಯಾರಾದರೂ ಟೇಪಿನಲ್ಲಿ ಹಿಡಿದಿಟ್ಟಿದ್ದರೆ, ಆ ಟೇಪೇ ಅವರ ಕೈಚಳಕಕ್ಕೆ ಸಾಕ್ಷಿ. ಈಗ ವಾಚಕರು ರಾವಣನ ಗೊಂಬೆಯೊಂದನ್ನು ನೆನೆಯಲಿ. ಅವನ ಕಿರೀಟ, ಹಾರ, ತೋಳಬಂದಿಗಳೆಲ್ಲ ಉಳಿಯಿಂದ ಕೊರೆದ ಸಣ್ಣ ತೂತುಗಳು. ಹಿಂದಿನ ದೀಪದ ಬೆಳಕು ಆ ತೂತುಗಳಲ್ಲಿ ಹಾದು ಆಭರಣವಾಗಿ ಮಿನುಗುತ್ತದೆ. ಮಧ್ಯಾಂಕ ಶೋಧಕದ ಕಣ್ಣಿಗೆ ಅವೂ ಕಳ್ಳಚುಕ್ಕೆಗಳೇ! ಕಣ್ಣು ಮುಚ್ಚಿ ಶುದ್ಧಿಮಾಡಿದರೆ ರಾವಣನು ಒಡವೆಯಿಲ್ಲದೆ ರಂಗಕ್ಕೆ ಬರುವನು. ಕುಶಲಕರ್ಮಿಯ ಹಲವು ದಿನಗಳ ದುಡಿಮೆಯು ಒಂದು ಗುಂಡಿಯನ್ನು ಒತ್ತುವುದರೊಳಗೆ ಅಳಿದುಹೋಗುವುದು.

ಹಾಗಾದರೆ ಇವೆರಡನ್ನೂ ಬೇರ್ಪಡಿಸುವ ಬಗೆ ಹೇಗೆ? ಗೊಂಬೆ ಸರಿದಾಗ ತೂತು ಅದರೊಡನೆ ಸರಿಯುತ್ತದೆ. ಗದ್ದಲವು ಯಾರೊಡನೆಯೂ ಸರಿಯುವುದಿಲ್ಲ. ಆದುದರಿಂದ ಚಲನೆಯನ್ನು ಹಿಂಬಾಲಿಸುವ ಶೋಧಕವು, ನಿಧಾನವಾದರೂ, ಇಲ್ಲಿ ನ್ಯಾಯವಂತ. ಗೊಂಬೆಯು ರಭಸದಿಂದ ಕುಣಿಯುವಾಗ ಅದೂ ದಾರಿ ತಪ್ಪಬಹುದು. ಅದಕ್ಕಾಗಿ ಒಂದು ಸರಳವಾದ ಪರೀಕ್ಷೆಯುಂಟು: ಮೂಲಚಿತ್ರದಿಂದ ಶುದ್ಧಚಿತ್ರವನ್ನು ಕಳೆದು, ಉಳಿದ ಶೇಷವನ್ನು ನೋಡುವುದು. ಶೇಷದಲ್ಲಿ ಆಕಾರವಿಲ್ಲದ ಮರಳಿನಂತಹ ಚುಕ್ಕೆಗಳು ಮಾತ್ರ ಕಂಡರೆ ತೆಗೆದದ್ದು ಕಸವೇ. ಅಲ್ಲಿ ಕಿರೀಟದ ಅಂಚಾಗಲಿ ಹಾರದ ಎಳೆಯಾಗಲಿ ಕಂಡಿತೋ, ಗಾಳಿ ಅತಿಯಾಯಿತು, ಕಾಳು ಹಾರಿತು ಎಂದು ತಿಳಿದು ಶೋಧಕದ ಬಲವನ್ನು ತಗ್ಗಿಸಬೇಕು.

ಏನೇ ಮಾಡಿದರೂ ಮೂಲದ ಪ್ರತಿಯನ್ನು ಮಾತ್ರ ಅಳಿಸಬಾರದು. ನಾಳೆ ಇದಕ್ಕಿಂತ ಉತ್ತಮವಾದ ಶೋಧಕಗಳು ಬಂದಾವು. ಕಳೆದುಹೋದ ತೂತನ್ನು ಮಾತ್ರ ಯಾವ ಶೋಧಕವೂ ಇದ್ದುದಿದ್ದಂತೆ ಮರಳಿ ಕೊರೆಯಲಾರದು. ತೂರುವ ರೈತನೂ ಜೊಳ್ಳಿನ ರಾಶಿಯಲ್ಲಿ ಒಮ್ಮೆ ಕೈಯಾಡಿಸಿ, ಕಾಳು ಉಳಿದಿಲ್ಲವೆಂದು ನೋಡಿಕೊಂಡ ಮೇಲೆಯೇ ಅದನ್ನು ಕಣದಿಂದ ಗುಡಿಸುತ್ತಿದ್ದನಲ್ಲವೆ?