ನೀರು ಹಾಕಿದರೂ ಗಿಡ ಬಾಡುವುದೇಕೆ?

ಪ್ರಶ್ನೆ: ಹೊಲದ ಎರೆಮಣ್ಣು ತಂದು ಕುಂಡದಲ್ಲಿ ಬ್ಯಾಡಗಿ ಮೆಣಸಿನ ಗಿಡ ಹಚ್ಚಿದ್ದೇವೆ. ದಿನಾ ನೀರು ಹಾಕಿದರೂ ಎಲೆಗಳು ಜೋತು ಬೀಳುತ್ತವೆ. ಏಕೆ? ಗಿಡ ಉಳಿಸಿಕೊಳ್ಳುವುದು ಹೇಗೆ?
– ಓದುಗರೊಬ್ಬರು, ರಾಣೆಬೆನ್ನೂರು

ಉತ್ತರ: ಎಲೆಯನ್ನು ಬಿಗಿಯಾಗಿ ನಿಲ್ಲಿಸುವುದು ಅದರ ಜೀವಕೋಶಗಳೊಳಗಿನ ನೀರಿನ ಒತ್ತಡ. ಗಾಳಿ ಇಳಿದ ಸೈಕಲ್ ಟ್ಯೂಬ್ ಮೆತ್ತಗಾಗುವಂತೆ, ನೀರು ಕಡಿಮೆಯಾದ ಎಲೆಯೂ ಜೋಲುತ್ತದೆ. ಎಲೆಯ ಸೂಕ್ಷ್ಮ ರಂಧ್ರಗಳಿಂದ ನೀರು ಆವಿಯಾಗುತ್ತಲೇ ಇರುತ್ತದೆ. ಅಷ್ಟನ್ನು ಬೇರು ಒದಗಿಸಬೇಕು.

ಮಧ್ಯಾಹ್ನದ ಬಿಸಿಲಿಗೆ ಬಾಡಿ ಸಂಜೆ ತಾನಾಗಿ ಎದ್ದರೆ ಚಿಂತೆಯಿಲ್ಲ. ಬೆಳಗ್ಗೆಯೂ ಜೋತಿದ್ದು, ಮಣ್ಣು ಹಸಿಯಾಗಿದ್ದರೆ ತೊಂದರೆ ಬೇರಿನಲ್ಲಿದೆ. ಎರೆಮಣ್ಣಿನ ಕಣಗಳು ಬಲು ಸಣ್ಣವು, ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ. ಹಾವೇರಿ, ಬ್ಯಾಡಗಿ ಸೀಮೆಯ ಹೊಲಗಳಲ್ಲಿ ಮಳೆ ಬಿಡುವು ಕೊಟ್ಟಾಗ ಈ ಮಣ್ಣು ಬಿರಿದು ಗಾಳಿಯಾಡುತ್ತದೆ. ದಿನಾ ನೀರು ಬೀಳುವ ಕುಂಡದಲ್ಲಿ ಆ ಬಿಡುವಿಲ್ಲ. ಉಸಿರುಗಟ್ಟಿದ ಬೇರು ನೀರು ಹೀರಲಾರದೆ ಕೊಳೆಯತೊಡಗುತ್ತದೆ.

ಮೊದಲು ನೀರು ನಿಲ್ಲಿಸಿ, ಕುಂಡವನ್ನು ನೆರಳಿಗಿಡಿ. ತಳದ ತೂತು ಕಟ್ಟಿಕೊಂಡಿದ್ದರೆ ಬಿಡಿಸಿ. ಎರಡು ಮೂರು ದಿನಕ್ಕೂ ಚೇತರಿಸದಿದ್ದರೆ ಗಿಡವನ್ನು ಮೆಲ್ಲಗೆ ಎತ್ತಿ ಬೇರು ನೋಡಿ. ಬೆಳ್ಳಗೆ ಗಟ್ಟಿಯಾಗಿದ್ದರೆ ಆರೋಗ್ಯ. ಕಂದಾಗಿ, ಮುಟ್ಟಿದರೆ ಕಳಚಿ ಬರುವಂತಿದ್ದರೆ ಕೊಳೆತಿದೆ. ಕೊಳೆತದ್ದನ್ನು ಕತ್ತರಿಸಿ, ಎರೆಮಣ್ಣಿಗೆ ಮರಳು ಮತ್ತು ಎರೆಹುಳು ಗೊಬ್ಬರ ಬೆರೆಸಿ ಮರುನೆಡಿ.

ಮಣ್ಣು ಒಣಗಿ ಕುಂಡದ ಅಂಚು ಬಿಟ್ಟಿದ್ದರೆ ಮಾತು ಬೇರೆ. ಮೇಲೆ ಸುರಿದ ನೀರು ಆ ಸಂದಿನಲ್ಲೇ ಇಳಿದುಹೋಗುತ್ತದೆ. ಆಗ ಕುಂಡವನ್ನು ಬಕೆಟ್ ನೀರಿನಲ್ಲಿ ಅರ್ಧ ಗಂಟೆ ಇಟ್ಟು ತೆಗೆಯಿರಿ. ಮುಂದೆ, ಬೆರಳು 1 ಇಂಚು ಊರಿ ನೋಡಿ, ಒಣಗಿದ್ದರಷ್ಟೇ ನೀರು ಹಾಕಿ.