ಬ್ಯಾಂಡ್ ಬಿಟ್ಟವರಿಗೆ ಹಾಡಿನ ಮೇಲೆ ಹಕ್ಕಿಲ್ವಾ? ಸ್ಟೀವ್ ಹ್ಯಾಕೆಟ್ ಕೊಟ್ಟ ಉತ್ತರ

ಎಪ್ಪತ್ತು ದಾಟಿದ ಗಿಟಾರಿಸ್ಟ್ ಒಬ್ಬರು ಐವತ್ತು ವರ್ಷ ಹಳೆಯ ಹಾಡುಗಳನ್ನೇ ಊರೂರು ತಿರುಗಿ ನುಡಿಸ್ತಿದ್ದರೆ, 'ಹಳೇ ಹೆಸರಲ್ಲಿ ದುಡ್ಡು ಮಾಡ್ತಿದಾರೆ' ಅಂದುಬಿಡೋದು ಸುಲಭ. ಬ್ರಿಟನ್ನಿನ ಸ್ಟೀವ್ ಹ್ಯಾಕೆಟ್ ವಿಷಯದಲ್ಲಿ ಆ ಮಾತು ಅರ್ಧ ಮಾತ್ರ ನಿಜ. ಇನ್ನರ್ಧ ಇರುವುದು ದುಡಿಮೆ ಮತ್ತು ಹೆಸರಿನ ಪ್ರಶ್ನೆಯಲ್ಲಿ.

1970ರ ಕೊನೆಯಲ್ಲಿ ಹ್ಯಾಕೆಟ್ 'ಮೆಲೊಡಿ ಮೇಕರ್' ಪತ್ರಿಕೆಗೆ ಜಾಹೀರಾತು ಕೊಟ್ಟಿದ್ದರು. ಅದನ್ನು ನೋಡಿ ಕರೆದವರು 'ಜೆನೆಸಿಸ್' ಬ್ಯಾಂಡಿನ ಗಾಯಕ ಪೀಟರ್ ಗೇಬ್ರಿಯಲ್. ಮೂರು ನಿಮಿಷದ ರೇಡಿಯೊ ಹಾಡಿನ ಅಚ್ಚಿಗೆ ಒಗ್ಗದ ಸಂಗೀತ ಅವರದು. 1972ರ 'ಫಾಕ್ಸ್‌ಟ್ರಾಟ್' ಆಲ್ಬಂನ 'ಸಪ್ಪರ್ಸ್ ರೆಡಿ' ಒಂದೇ ಸುಮಾರು 23 ನಿಮಿಷ. ಇದನ್ನೇ ಪ್ರೊಗ್ರೆಸಿವ್ ರಾಕ್ ಅಂತಾರೆ.

ಆಗಿನ ಜೆನೆಸಿಸ್‌ನಲ್ಲಿ ಪ್ರತಿ ಹಾಡಿಗೂ ಐವರ ಹೆಸರು. ಉದಾಹರಣೆಗೆ 1973ರ 'ಫರ್ತ್ ಆಫ್ ಫಿಫ್ತ್' ತಗೊಳ್ಳಿ. ರಾಗದ ಮೂಲ ಕೀಬೋರ್ಡ್ ವಾದಕ ಟೋನಿ ಬ್ಯಾಂಕ್ಸ್ ಅವರದು, ಅದು ಮೊದಲು ಕೇಳಿಸುವುದು ಗೇಬ್ರಿಯಲ್ ಕೊಳಲಿನಲ್ಲಿ. ಜನರ ನೆನಪಲ್ಲಿ ಉಳಿದದ್ದು ಮಾತ್ರ ಹ್ಯಾಕೆಟ್ ಎಳೆದೆಳೆದು ನುಡಿಸಿದ ಗಿಟಾರ್ ಸೋಲೊ. ಈಗ ಹೇಳಿ, ಇದು ಯಾರ ಹಾಡು?

ಸಮಪಾಲು ಕೇಳೋಕೆ ಚೆಂದ. ಆದರೆ ಯಾರ ಟ್ಯೂನ್ ಆಲ್ಬಂಗೆ ಹೋಗಬೇಕು ಅನ್ನುವ ತೀರ್ಮಾನದಲ್ಲಿ ತನಗೆ ಸಮಪಾಲು ಸಿಗಲಿಲ್ಲ ಅನ್ನೋದು ಹ್ಯಾಕೆಟ್ ತಕರಾರು. 1976ರ 'ಎ ಟ್ರಿಕ್ ಆಫ್ ದಿ ಟೇಲ್'ನಿಂದ ಹಾಡಿಗೊಬ್ಬೊಬ್ಬರ ಹೆಸರು ಬರತೊಡಗಿತು. ಮರುವರ್ಷ ಹ್ಯಾಕೆಟ್ ಬ್ಯಾಂಡ್ ಬಿಟ್ಟರು.

ಸಾಫ್ಟ್‌ವೇರ್ ಕಂಪನಿ ಬಿಟ್ಟರೆ ನೀವು ಬರೆದ ಕೋಡ್ ಅಲ್ಲೇ ಉಳಿಯುತ್ತೆ, ಮನೆಗೆ ತರೋ ಹಾಗಿಲ್ಲ. ಸಂಗೀತದಲ್ಲಿ ಒಂದು ಕಿಂಡಿ ಇದೆ. ಹಾಡಿನ ರಚನೆಯ ಹಕ್ಕು ಬೇರೆ, ರೆಕಾರ್ಡಿಂಗ್‌ನ ಹಕ್ಕು ಬೇರೆ. ಬ್ರಿಟನ್ನಿನಲ್ಲಿ ವೇದಿಕೆಯ ಮೇಲೆ ನುಡಿಸಲು ಸಾಮಾನ್ಯವಾಗಿ ಸಭಾಂಗಣ ಅಥವಾ ಆಯೋಜಕರು ಪಿಆರ್‌ಎಸ್ ಸಂಸ್ಥೆಯ ಪರವಾನಗಿ ಪಡೆದರೆ ಸಾಕು, ಶುಲ್ಕ ರಚನಕಾರರಿಗೆ ಹೋಗುತ್ತೆ. ಹಳೆಯ ಗೆಳೆಯರ ಒಪ್ಪಿಗೆಗೆ ಕಾಯಬೇಕಿಲ್ಲ. ಅಂದರೆ ಹಾಡು ಮತ್ತೆ ಕೈಗೆ ಸಿಗುವ ಜಾಗ ವೇದಿಕೆ.

1996ರಲ್ಲಿ 'ಜೆನೆಸಿಸ್ ರೀವಿಸಿಟೆಡ್', 2012ರಲ್ಲಿ ಅದರ ಎರಡನೇ ಭಾಗ, ಆಮೇಲೆ ಸಾಲುಸಾಲು ಪ್ರವಾಸ. ಹಾಡೋದು ನ್ಯಾಡ್ ಸಿಲ್ವನ್. ಹಳೆಯ ರೆಕಾರ್ಡಿಂಗ್‌ಗಳಲ್ಲಿ ಇಲ್ಲದ ಸ್ಯಾಕ್ಸೊಫೋನ್ ಕೂಡ ಇದೆ. ಹಳೆಯದರ ನಕಲು ಅನ್ನೋಕೆ ಆಗಲ್ಲ.

ಈ ಮಧ್ಯೆ ಜೆನೆಸಿಸ್ ತಾನೇ ಪಾಪ್ ಕಡೆ ವಾಲಿ, ಉದ್ದದ ಹಾಡುಗಳನ್ನು ತುಂಡು ಮಾಡಿ ಮೆಡ್ಲಿಗೆ ಸೇರಿಸಿತ್ತು. 2022ರ ಮಾರ್ಚ್‌ನಲ್ಲಿ ಲಂಡನ್ನಿನಲ್ಲಿ ಅದರ ಕೊನೆಯ ಶೋ ನಡೆದಾಗ ಹ್ಯಾಕೆಟ್ ವೇದಿಕೆಯಲ್ಲಿರಲಿಲ್ಲ. ಅದೇ ವರ್ಷ ಅವರು 'ಫಾಕ್ಸ್‌ಟ್ರಾಟ್' ಆಲ್ಬಂ ಅನ್ನು ಪೂರ್ತಿ ನುಡಿಸುತ್ತಾ ಹೊರಟರು.

ಇದರಲ್ಲಿ ನಾಸ್ಟಾಲ್ಜಿಯಾ ವ್ಯಾಪಾರ ಇಲ್ವಾ? ಖಂಡಿತ ಇದೆ. ಕಾರ್ಯಕ್ರಮದ ಮೊದಲ ಭಾಗದಲ್ಲಿ ಸಾಮಾನ್ಯವಾಗಿ ಅವರ ಸ್ವಂತ ಹಾಡುಗಳು, ಎರಡನೆಯದರಲ್ಲಿ ಜೆನೆಸಿಸ್. ಟಿಕೆಟ್ ಮಾರಿಸೋದು ಎರಡನೆಯದು. ಆದರೆ 2024ರಲ್ಲೂ ಹೊಸ ಆಲ್ಬಂ ತಂದ ಕಲಾವಿದನಿಗೆ ತನ್ನ ಹೊಸದನ್ನು ಕೇಳಿಸಲು ಆ ಟಿಕೆಟ್ಟೇ ದಾರಿ ಮಾಡಿಕೊಡುತ್ತೆ. ಕಾಗದದ ಮೇಲೆ ಐದರಲ್ಲಿ ಒಂದು ಹೆಸರಾಗಿದ್ದವರು, ಬ್ಯಾಂಡೇ ಕೈಬಿಟ್ಟ ಹಾಡುಗಳನ್ನು ಇವತ್ತಿಗೂ ನುಡಿಸಿ ಉಳಿಸಿದ್ದಾರೆ.